ಮುಪ್ಪಿನ ಆರೈಕೆ: ಸರ್ಕಾರ ಕೊಡುವುದೆಷ್ಟು, ಮನೆಯವರು ಹೊರಬೇಕಾದುದೆಷ್ಟು?

1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿಯಾಗಿತ್ತು. ಓದಿಗೂ ಉದ್ಯೋಗಕ್ಕೂ ಬಂದು ಈ ನಗರದಲ್ಲಿಯೇ ನೆಲೆಯೂರಿದ ಕನ್ನಡ ಕುಟುಂಬಗಳು ಅನೇಕ. ಅಂತಹ ಎಷ್ಟೋ ಮನೆಗಳಲ್ಲಿ ಇಂದು ಮಕ್ಕಳು ದೂರದಲ್ಲಿದ್ದಾರೆ. ಹಿಂದಿರುಗಿ ಹೋಗೋಣವೆಂದರೆ ಊರಿನ ಮನೆಯಲ್ಲಿಯೂ ನೋಡಿಕೊಳ್ಳುವವರಿಲ್ಲ. ಸ್ನಾನಕ್ಕೆ, ಊಟಕ್ಕೆ, ಔಷಧಿಗೆ ಇನ್ನೊಬ್ಬರ ಕೈಯಾಸರೆ ಬೇಕಾದ ಹಿರಿಯರಿಗೆ ಆರೈಕೆ ನಿವಾಸವು ಒಂದು ದಾರಿ. ಆದರೆ ಅದರ ವೆಚ್ಚವನ್ನು ಭರಿಸುವವರಾರು?

ಚಿಕಿತ್ಸೆ ಬೇರೆ, ಆರೈಕೆ ಬೇರೆ

ಈ ಭೇದವನ್ನು ಮೊದಲು ಅರಿಯಬೇಕು. ಬಿದ್ದು ಸೊಂಟದ ಮೂಳೆ ಮುರಿದವರಿಗೆ ಮಾಡುವ ಶಸ್ತ್ರಕ್ರಿಯೆ ಚಿಕಿತ್ಸೆ. ಆ ಬಳಿಕ ತಿಂಗಳುಗಟ್ಟಲೆ ಎಬ್ಬಿಸಿ, ಕೂರಿಸಿ, ಉಣಿಸುವುದು ಆರೈಕೆ. ಸರ್ಕಾರದ ಆರೋಗ್ಯ ಯೋಜನೆಗಳು ಮೊದಲನೆಯದಕ್ಕೆ ಹಣ ಕೊಡುತ್ತವೆ, ಎರಡನೆಯದಕ್ಕೆ ಕೊಡುವುದಿಲ್ಲ.

ಅವಿಭಜಿತ ಆಂಧ್ರಪ್ರದೇಶದಲ್ಲಿ 2007ರಲ್ಲಿ ಆರಂಭವಾದ ಆರೋಗ್ಯಶ್ರೀ ಯೋಜನೆಯ ಮಿತಿಯನ್ನು ತೆಲಂಗಾಣವು 2023ರ ಡಿಸೆಂಬರಿನಲ್ಲಿ ಕುಟುಂಬಕ್ಕೆ ವರ್ಷಕ್ಕೆ 10 ಲಕ್ಷ ರೂಪಾಯಿಗೆ ಏರಿಸಿತು. ಇದು ಆಹಾರ ಭದ್ರತಾ ಕಾರ್ಡುಳ್ಳ ಕುಟುಂಬಗಳಿಗಾಗಿ ಇರುವುದು. ಕೇಂದ್ರದ ಆಯುಷ್ಮಾನ್ ಭಾರತ ಯೋಜನೆಯನ್ನು 2024ರ ಅಕ್ಟೋಬರ್ 29ರಂದು, ಆದಾಯದ ಕಟ್ಟಳೆಯಿಲ್ಲದೆ, 70 ವರ್ಷ ತುಂಬಿದವರೆಲ್ಲರಿಗೂ ವಿಸ್ತರಿಸಲಾಯಿತು. ಮಿತಿ ವರ್ಷಕ್ಕೆ 5 ಲಕ್ಷ. ಒಂದೇ ಮನೆಯಲ್ಲಿ ಅಂತಹ ಇಬ್ಬರಿದ್ದರೆ ಈ ಮೊತ್ತವನ್ನು ಹಂಚಿಕೊಳ್ಳಬೇಕು. ಹಳೆಯ ಕಾಯಿಲೆಗಳಿಗೂ ಮೊದಲ ದಿನದಿಂದಲೇ ರಕ್ಷಣೆಯುಂಟು. ಆದರೆ ಆಸ್ಪತ್ರೆಯಿಂದ ಬಿಡುಗಡೆಯಾದ 15 ದಿನಗಳ ಔಷಧಿಯೊಡನೆ ಅದರ ಹೊಣೆ ಮುಗಿಯುತ್ತದೆ. ಕೇಂದ್ರ ಸರ್ಕಾರದ ಆರೋಗ್ಯ ಯೋಜನೆ ಅಥವಾ ಮಾಜಿ ಸೈನಿಕರ ಯೋಜನೆಯಲ್ಲಿರುವವರು ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕು. ಯಾವ ಕಾರ್ಡು ನಡೆಯುವುದೆಂಬುದನ್ನು ದಾಖಲಾಗುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸುವುದು ಲೇಸು.

ಲೆಕ್ಕದ ಮಾತು

ಆರೈಕೆ ನಿವಾಸಕ್ಕೆ ತಿಂಗಳಿಗೆ 30,000 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 3,60,000 ಆಗುತ್ತದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು ಇಡಬಹುದಾದ ಗರಿಷ್ಠ ಮೊತ್ತ 30 ಲಕ್ಷ. ನೂರಕ್ಕೆ 8ರಂತೆ ಎಣಿಸಿದರೆ ಅದರಿಂದ ಬರುವುದು ತಿಂಗಳಿಗೆ 20,000. ಇನ್ನು 10,000 ರೂಪಾಯಿಗೆ ಪಿಂಚಣಿಯೋ ಮಕ್ಕಳೋ ಒದಗಬೇಕು. ನಿವಾಸದ ಶುಲ್ಕವೂ ಅದೇ ದರದಲ್ಲಿ ಏರುತ್ತ ಹೋದರೆ ಒಂಬತ್ತು ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ. ಬಡ್ಡಿಯಾದರೋ ಇದ್ದಷ್ಟೇ ಇರುತ್ತದೆ. ಆದುದರಿಂದ ಮೊದಲ ವರ್ಷದ ಲೆಕ್ಕ ಸರಿಹೋಯಿತೆಂದು ನೆಮ್ಮದಿಪಡುವಂತಿಲ್ಲ.

ಕಾನೂನಿನ ಆಸರೆ

ತಮ್ಮನ್ನು ತಾವು ಪೋಷಿಸಿಕೊಳ್ಳಲಾರದ ಹಿರಿಯರು 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣಾ ಕಾಯಿದೆಯಂತೆ ನ್ಯಾಯಮಂಡಳಿಯ ಮೊರೆಹೋಗಿ ಮಕ್ಕಳಿಂದ ಜೀವನಾಂಶ ಕೇಳಬಹುದು. ಆರೈಕೆ ಮಾಡಬೇಕೆಂಬ ಷರತ್ತಿನೊಡನೆ ಆಸ್ತಿಯನ್ನು ದಾನವಾಗಿ ಕೊಟ್ಟಿದ್ದು, ಪಡೆದವರು ಷರತ್ತನ್ನು ಮೀರಿದರೆ, ಆ ದಾನವನ್ನು ರದ್ದುಪಡಿಸಲೂ ಅವಕಾಶವಿದೆ. ಷರತ್ತನ್ನು ಪತ್ರದಲ್ಲಿಯೇ ಬರೆಯಿಸುವುದು ಕ್ಷೇಮ. ಸಲಹೆ ಬೇಕಾದವರಿಗೆ 14567 ಎಂಬ ಹಿರಿಯರ ಸಹಾಯವಾಣಿಯಿದೆ. ರಾಷ್ಟ್ರವ್ಯಾಪಿಯಾಗುವ ಮುನ್ನ, 2017ರಲ್ಲಿ, ಈ ಸೇವೆ ಮೊದಲಾದದ್ದು ಹೈದರಾಬಾದಿನಲ್ಲಿಯೇ.

ಸೇರುವ ಮುನ್ನ

ಠೇವಣಿ ಹಿಂದಿರುಗುವುದೆ? ಹಾಸಿಗೆ ಹಿಡಿದರೆ ಇರಿಸಿಕೊಳ್ಳುವರೆ? ಆಯಾಳ ಸಂಬಳ ಶುಲ್ಕದಲ್ಲಿ ಸೇರಿದೆಯೆ? ಆಸ್ಪತ್ರೆಯಲ್ಲಿರುವ ದಿನಗಳ ಬಾಡಿಗೆ ಕೊಡಬೇಕೆ? ರಾತ್ರಿಯಲ್ಲಿ ದಾದಿ ಇರುವಳೆ? ಈ ಪ್ರಶ್ನೆಗಳಿಗೆ ಉತ್ತರವು ಬರಹದಲ್ಲಿರಬೇಕು. ಕನ್ನಡ ಬಲ್ಲವರು ಅಲ್ಲಿ ಯಾರಾದರೂ ಇದ್ದಾರೆಯೇ ಎಂಬುದನ್ನೂ ನೋಡಬೇಕು. ಮರೆವಿನ ರೋಗ ಬಲಿತವರಲ್ಲಿ ಅನೇಕರು ಕಡೆಗೆ ತಾಯ್ನುಡಿಯನ್ನೇ ನೆಚ್ಚುತ್ತಾರೆ.

ಇವೆಲ್ಲವನ್ನೂ ಹಿರಿಯರು ಗಟ್ಟಿಯಾಗಿರುವಾಗಲೇ, ಅವರನ್ನು ಕೂರಿಸಿಕೊಂಡು ಮಾತನಾಡುವುದು ಉಚಿತ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಮಾಡುವ ತೀರ್ಮಾನದಲ್ಲಿ ಅವರ ಇಷ್ಟಕ್ಕೆ ಎಡೆ ದೊರೆಯುವುದು ಅಪರೂಪ.