ದಂಡಿನ ಹಳೆಯ ಬಂಗಲೆಗಳು

ಬಂಗಲೆಯೆಂಬ ಮಾತು ಬಂಗಾಳದ್ದು. ಅಲ್ಲಿಯ ರೈತರ ಇಳಿಜಾರು ಸೂರಿನ ಗುಡಿಸಲನ್ನು ಕಂಡ ಆಂಗ್ಲರು ತಮ್ಮ ಒಂಟಿ ಅಂತಸ್ತಿನ ಮನೆಗಳಿಗೂ ಆ ಹೆಸರನ್ನೇ ಇಟ್ಟುಕೊಂಡರು. ಮುಂದೆ ಆ ಹೆಸರು ಅಮೇರಿಕಾ ದೇಶಕ್ಕೂ ಹೋಯಿತು. ಕ್ಯಾಲಿಫೋರ್ನಿಯಾದಲ್ಲಿ ಗ್ರೀನ್ ಸಹೋದರರು 1908ರಲ್ಲಿ ರೂಪಿಸಿದ ಗ್ಯಾಂಬಲ್ ಭವನವು ಅಲ್ಲಿಯ ‘ಕ್ರಾಫ್ಟ್ಸ್‌ಮನ್’ ಬಂಗಲೆಗಳಲ್ಲಿ ಬಹು ಪ್ರಸಿದ್ಧವಾದುದು. ಅದಕ್ಕೂ ನಮ್ಮ ರಿಚ್ಮಂಡ್ ಟೌನು, ಕುಕ್ ಟೌನುಗಳ ಬಂಗಲೆಗಳಿಗೂ ನೇರವಾದ ನೆಂಟಸ್ತನವಿಲ್ಲ. ಆದರೂ ಸೂರನ್ನು ಮುಂದಕ್ಕೆ ಚಾಚಿ ನೆರಳನ್ನು ಸಂಪಾದಿಸುವ ಬುದ್ಧಿಯೂ, ಮರಗೆಲಸವನ್ನು ಮರೆಮಾಡದೆ ತೋರಿಸುವ ಅಭಿಮಾನವೂ ಎರಡರಲ್ಲಿಯೂ ಕಾಣಬರುತ್ತವೆ.

ಬೆಂಗಳೂರಿನ ದಂಡು 1809ರಲ್ಲಿ ನೆಲೆಗೊಂಡಿತು. ಮೊದಲು ಅಧಿಕಾರಿಗಳಿಗೂ, ಅನಂತರ ಪಿಂಚಣಿದಾರರಿಗೂ ವರ್ತಕರಿಗೂ ವಿಶಾಲವಾದ ಕಾಂಪೌಂಡಿನ ನಡುವೆ ಬಂಗಲೆಗಳಾದುವು. 1898ರ ಪ್ಲೇಗಿನ ತರುವಾಯ ಗಾಳಿ ಬೆಳಕುಗಳ ಬೆಲೆ ಜನರಿಗೆ ತಿಳಿಯಿತು. 1910ರಲ್ಲಿ ಫ್ರೇಜರ್ ಟೌನು ಬಳಕೆಗೆ ಬಂದುದು ಇದರ ಫಲವೇ.

ಈ ಬಂಗಲೆಗಳ ಗುರುತೆಂದರೆ ಕಿಟಕಿಗಳ ಮೇಲೆ ಚೂಪಾಗಿ ಮುಂಚಾಚಿದ ಮರದ ಮುಸುಕು. ಇದಕ್ಕೆ ‘ಮಂಕಿ ಟಾಪ್’ ಎಂದು ಹೆಸರು. ಹೆಸರಿನ ಹುಟ್ಟಿಗೆ ಕಥೆಗಳು ಹಲವುಂಟು. ಒಂದನ್ನೂ ನಾವು ಮಕ್ಕಳಿಗೆ ಪಾಠವಾಗಿ ಹೇಳುವುದಿಲ್ಲ. ನೋಡುವವರು ಅದನ್ನು ಬರಿಯ ಅಲಂಕಾರವೆಂದೆಣಿಸುತ್ತಾರೆ. ಅದು ಕಣ್ಣಿನ ರೆಪ್ಪೆಯಂತೆ ಕೆಲಸ ಮಾಡತಕ್ಕದ್ದು. ಸಾಲುಪಟ್ಟಿಗಳು ಇಳಿಬಿಸಿಲನ್ನೂ ಎರಚಲನ್ನೂ ತಡೆಯುತ್ತವೆ. ಪಟ್ಟಿಗಳ ಸಂದಿನಿಂದ ಗಾಳಿ ಮಾತ್ರ ಆಡುತ್ತದೆ. ಒಳಗೆ ಮೇಲಕ್ಕೇರಿದ ಬಿಸಿಗಾಳಿಗೆ ಎತ್ತರದ ಗೋಡೆಯಲ್ಲಿ ಹಗ್ಗದಿಂದ ತೆರೆಯುವ ಗವಾಕ್ಷಿಗಳುಂಟು.

ಇಳಿಜಾರಾದ ಕಡೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಮರೆತಿರಲಾರರು. ಮಟ್ಟಸದ ಮಾಳಿಗೆಯಾದರೆ ‘ಮದರಾಸು ತಾರಸಿ’. ಸಾಗುವಾನಿಯ ತೊಲೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಿಂದ ಬಿಗಿಯುವರು. ಅದರ ಮೇಲೆ ಇಟ್ಟಿಗೆಯ ಜಲ್ಲಿಯನ್ನು ಸುಣ್ಣದೊಡನೆ ಹರಡಿ, ಹೆಣ್ಣಾಳುಗಳು ಸಾಲಾಗಿ ಕುಳಿತು, ಬೆಲ್ಲ ಅಳಲೆಕಾಯಿಗಳ ನೀರನ್ನು ಚಿಮುಕಿಸುತ್ತ, ಮರದ ಕೊಡತಿಗಳಿಂದ ಒಂದೇ ತಾಳದಲ್ಲಿ ದಿನಗಟ್ಟಲೆ ಬಡಿಯುವರು. ಕೊಡತಿಯು ಪುಟಿದು ಹಿಂದಿರುಗುವ ತನಕ ಬಡಿತ ನಿಲ್ಲದು. ಬಂಗಲೆಯ ಕಂಬದ ಮೇಲೆ ಯಜಮಾನನ ಹೆಸರಿರುತ್ತದೆ; ಮಳೆಯನ್ನು ತಡೆದ ಆ ಕೈಗಳ ಹೆಸರು ಎಲ್ಲಿಯೂ ಇಲ್ಲ. ಅಡಿಗೆಮನೆಯೂ ಹಾಗೆಯೇ: ಹೊಗೆ, ಬೆಂಕಿ, ವಾಸನೆಗಳಿಗೆ ಅಂಜಿ ಅದನ್ನು ಹಿಂದುಗಡೆ ಬೇರೆಯಾಗಿ ಕಟ್ಟಿದರು. ಮಳೆಗಾಲದಲ್ಲಿ ಪಾತ್ರೆ ಹಿಡಿದು ಅಂಗಳವನ್ನು ದಾಟಿದವರು ಬೇರೆ ಜನ.

1949ರಲ್ಲಿ ದಂಡೂ ಪೇಟೆಯೂ ಒಂದೇ ಕಾರ್ಪೊರೇಷನ್ನಿಗೆ ಸೇರಿದುವು. ಊರು ಬೆಳೆದಂತೆ ನಿವೇಶನದ ಬೆಲೆ ಏರಿ, ವಿಶಾಲವಾದ ಕಾಂಪೌಂಡೇ ಬಂಗಲೆಗೆ ಶತ್ರುವಾಯಿತು. ಪಾಲಾದ ಆಸ್ತಿಯನ್ನು ಮಾರುವ ಕುಟುಂಬಗಳನ್ನು ನಾವು ದೂರಲಾರೆವು. ಸೋರುವ ಸೂರಿನ ಕೆಳಗೆ ಇರುವವರ ಕಷ್ಟ ದಾರಿಹೋಕರಿಗೆ ತಿಳಿಯದು. ಆದರೆ ಉಳಿಸಿಕೊಳ್ಳಬಯಸುವವರಿಗೆ ಒಂದು ಮಾತು: ಸುಣ್ಣದ ಗೋಡೆಗೆ ಸಿಮೆಂಟನ್ನು ಮೆತ್ತಿಸಬೇಡಿರಿ. ಸುಣ್ಣವು ತೇವವನ್ನು ಹೊರಕ್ಕೆ ಬಿಡುತ್ತದೆ, ಸಿಮೆಂಟು ಒಳಗೇ ಕಟ್ಟಿಹಾಕುತ್ತದೆ; ಗೋಡೆ ಕೊಳೆಯುವುದು ಆಮೇಲೆ ಕಾಣುತ್ತದೆ. ಮುಸುಕಿನ ಒಂದು ಪಟ್ಟಿ ಮುರಿದರೆ ಆ ಒಂದನ್ನೇ ಬಡಗಿಯಿಂದ ಕೊಯ್ಯಿಸಿ ಹಾಕಿಸಬಹುದು.

ಮಾರಲೇಬೇಕಾದವರು ಮನೆಯನ್ನು ಕೆಡಹುವುದಕ್ಕೆ ಮುಂಚೆ ಹೆಣ್ಣುಮಕ್ಕಳ ಕೈಗೆ ಅಳತೆಪಟ್ಟಿಯನ್ನು ಕೊಟ್ಟು ನಕ್ಷೆಯೊಂದನ್ನು ಬರೆಯಿಸಿ ಶಾಲೆಗೆ ಕಳುಹಿಸಿಕೊಡಬೇಕೆಂದು ಕೋರುತ್ತೇವೆ. ಹಿಂದುಗಡೆಯ ಅಡಿಗೆಮನೆಯನ್ನೂ ಆಳುಗಳ ಕೋಣೆಗಳನ್ನೂ ನಕ್ಷೆಯಲ್ಲಿ ಬಿಡಬಾರದು.