ಹೊಗೆಯಿಲ್ಲದ ಕೆಂಡವನ್ನು ನಂಬಬೇಡಿ



ಆಗಮನ ಕಾಲ ಬಂತೆಂದರೆ ಚಳಿಯೂ ಬಂತು. ಚಿಕ್ಕಮಗಳೂರು, ಕೊಡಗಿನಂಥ ಕಡೆ ರಾತ್ರಿ ಮಲಗುವ ಕೋಣೆಯಲ್ಲಿ ಕೆಂಡ ಇಟ್ಟು, ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿಕೊಳ್ಳುವುದುಂಟು. ಬಾಣಂತಿ, ಹಸುಗೂಸು ಇರುವ ಕೋಣೆಯಲ್ಲಿ ಇದು ಇನ್ನೂ ಹೆಚ್ಚು. "ಹೊಗೆ ಇಲ್ಲವಲ್ಲ, ಏನೂ ಆಗದು" ಎಂಬುದು ನಮ್ಮ ಧೈರ್ಯ. ಈ ಧೈರ್ಯವೇ ಪ್ರಾಣಕ್ಕೆ ಎರವಾಗಬಲ್ಲದು.

ಇದ್ದಿಲು, ಸೌದೆ, ಗ್ಯಾಸ್, ಪೆಟ್ರೋಲ್, ಯಾವುದೇ ಆಗಲಿ, ಪೂರ್ತಿಯಾಗಿ ಉರಿಯದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹೆಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಆಗ ಉಸಿರಾಡುತ್ತಿದ್ದರೂ ಮೆದುಳಿಗೆ, ಹೃದಯಕ್ಕೆ ಸಾಕಷ್ಟು ಆಮ್ಲಜನಕ ತಲುಪುವುದಿಲ್ಲ. ನಿದ್ರೆಯಲ್ಲಿರುವವರಿಗೆ ಎಚ್ಚರವೇ ಆಗದಿರಬಹುದು. ಗರ್ಭಿಣಿಯರಿಗೂ ಹೊಟ್ಟೆಯಲ್ಲಿರುವ ಕೂಸಿಗೂ ಅಪಾಯ ಹೆಚ್ಚು.

ಪಟ್ಟಣದ ಮನೆಗಳಲ್ಲಿ ಇದೇ ಅಪಾಯ ಬಚ್ಚಲುಮನೆಯ ಗ್ಯಾಸ್ ಗೀಸರಿನಿಂದ ಬರಬಹುದು. ಅಡುಗೆ ಅನಿಲ ಸೋರಿದರೆ ಗೊತ್ತಾಗಲೆಂದು ಅದಕ್ಕೆ ವಾಸನೆ ಬೆರೆಸಿರುತ್ತಾರೆ. ಆದರೆ ಅದು ಉರಿಯುವಾಗ ಹುಟ್ಟುವ ಈ ವಿಷಾನಿಲವನ್ನು ಮೂಗು ಗುರುತಿಸದು.

ಆದ್ದರಿಂದ ಇವನ್ನು ಗಮನದಲ್ಲಿಡಿ:

1. ಮಲಗುವ ಕೋಣೆಯಲ್ಲಿ ಕೆಂಡ ಬೇಡ. ಬೂದಿ ಮುಚ್ಚಿದರೂ, ಪಕ್ಕದಲ್ಲಿ ನೀರಿನ ಪಾತ್ರೆ ಇಟ್ಟರೂ ಅಪಾಯ ತಪ್ಪದು. ಕಂಬಳಿ, ಬೆಚ್ಚನೆಯ ಬಟ್ಟೆ ಸಾಕು.

2. ಗ್ಯಾಸ್ ಗೀಸರನ್ನು ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷಿಸಿ.

3. ಜನರೇಟರನ್ನು ಮನೆಯೊಳಗೆ ನಡೆಸಬೇಡಿ. ಮುಚ್ಚಿದ ಶೆಡ್ಡಿನಲ್ಲಿ ಕಾರಿನ ಇಂಜಿನ್ ಚಾಲೂ ಇಡಬೇಡಿ.

4. ತಲೆನೋವು, ತಲೆಸುತ್ತು, ವಾಂತಿ, ನಿಶ್ಶಕ್ತಿ ಇದರ ಲಕ್ಷಣಗಳು. ಮನೆಮಂದಿಗೆಲ್ಲ ಒಟ್ಟಿಗೆ ಹೀಗಾಗಿ, ಹೊರಗೆ ಬಂದಾಗ ಕಡಿಮೆಯಾದರೆ ಈ ಅನಿಲವನ್ನೇ ಶಂಕಿಸಿ.

5. ಯಾರಾದರೂ ಕುಸಿದಿದ್ದರೆ ಬಾಗಿಲು ಕಿಟಕಿ ತೆರೆದು, ಬೇಗನೆ ಬಯಲಿಗೆ ತನ್ನಿ. 108ಕ್ಕೆ ಕರೆಮಾಡಿ. ಕೆಂಡವೋ ಗೀಸರೋ ಉರಿಯುತ್ತಿತ್ತೆಂದು ವೈದ್ಯರಿಗೆ ತಪ್ಪದೆ ತಿಳಿಸಿ. ಆಮ್ಲಜನಕ ಕೊಡುವುದೇ ಇದಕ್ಕೆ ಮುಖ್ಯ ಚಿಕಿತ್ಸೆ.

ಯೊವಾನ್ನನ ಶುಭಸಂದೇಶದಲ್ಲಿ ಎರಡು ಕಡೆ ಕೆಂಡದ ಬೆಂಕಿಯ ಮಾತು ಬರುತ್ತದೆ. ಪೇತ್ರನು ಚಳಿ ಕಾಯಿಸಿಕೊಂಡದ್ದು ಪ್ರಧಾನ ಯಾಜಕನ ಮನೆಯ ಅಂಗಳದಲ್ಲಿ (18:18). ಪುನರುತ್ಥಾನರಾದ ಯೇಸುಸ್ವಾಮಿ ಶಿಷ್ಯರಿಗಾಗಿ ಕೆಂಡದ ಮೇಲೆ ಮೀನು ಇಟ್ಟಿದ್ದು ಸರೋವರದ ದಡದಲ್ಲಿ (21:9). ಎರಡೂ ಬಯಲಿನಲ್ಲೇ. ಕೆಂಡಕ್ಕೆ ತಕ್ಕ ಜಾಗ ಅದೇ.

ಕೊಲೆ ಮಾಡಬಾರದೆಂಬ ಐದನೆಯ ಆಜ್ಞೆ ದೇವರು ಕೊಟ್ಟ ಜೀವವನ್ನು ಜೋಪಾನ ಮಾಡಲೂ ನಮಗೆ ಕಲಿಸುತ್ತದೆ. ಅಜಾಗರೂಕತೆಯಿಂದ ಮನೆಯವರನ್ನು ಅಪಾಯಕ್ಕೆ ಒಡ್ಡಿ, "ದೇವರಿಚ್ಛೆ" ಎನ್ನುವುದು ವಿಶ್ವಾಸವಲ್ಲ. ಇಂದು ಜಪಸರದ ಪ್ರಾರ್ಥನೆ ಮುಗಿದ ಮೇಲೆ ಮನೆಯವರೆಲ್ಲ ಕೂಡಿ ಈ ಐದು ಅಂಶಗಳನ್ನು ಓದಿರಿ. ನೆರೆಯಲ್ಲಿ ಒಂಟಿಯಾಗಿರುವ ಹಿರಿಯರಿದ್ದರೆ ಅವರಿಗೂ ತಿಳಿಸಿರಿ. ಜೊತೆಗೆ ಒಂದು ಕಂಬಳಿಯನ್ನೂ ಒಯ್ಯಿರಿ.