ಕೆಳಗಿನ ಸಾಲಿನಿಂದ ಮೇಲಿನ ಸಾಲಿಗೆ ಎರರ್: ಪೈಥಾನ್‌ನಲ್ಲಿ ವೇರಿಯಬಲ್ ವ್ಯಾಪ್ತಿಯ ಪಾಠ

‘ಫಂಕ್ಷನ್‌ನ ಒಳಗಿರುವುದು ಲೋಕಲ್, ಹೊರಗಿರುವುದು ಗ್ಲೋಬಲ್’ ಎಂಬ ವ್ಯಾಖ್ಯೆಯನ್ನು ವಿದ್ಯಾರ್ಥಿಗಳು ಬೇಗ ಬಾಯಿಪಾಠ ಮಾಡುತ್ತಾರೆ. ಆದರೆ ಪ್ರೋಗ್ರಾಂ ಎರರ್ ತೋರಿಸಿದಾಗ ಅದೊಂದೇ ಸಾಲದು. ಆದ್ದರಿಂದ ನನ್ನ ಅಭ್ಯಾಸ ಪಾಠವನ್ನು ಮೂರು ಹಂತಗಳಲ್ಲಿ ಯೋಜಿಸಿದೆ. ಪ್ರತಿ ಹಂತದಲ್ಲೂ ಮೊದಲು ಊಹೆ, ನಂತರ ಚಾಲನೆ.

ಪೈಥಾನ್ 3ರಲ್ಲಿ ವೇರಿಯಬಲ್‌ಗೆ ಕನ್ನಡದ ಹೆಸರನ್ನೇ ಇಡಬಹುದು. ಹಲಗೆಯ ಮೇಲೆ, ಎಲ್ಲ ಫಂಕ್ಷನ್‌ಗಳ ಹೊರಗೆ, ‘ಅಂಕ = 10’ ಎಂದು ಬರೆದೆ.

ಹಂತ 1: ‘ತೋರಿಸು’ ಎಂಬ ಫಂಕ್ಷನ್‌ನಲ್ಲಿ ಅಂಕವನ್ನು ಪ್ರಿಂಟ್ ಮಾಡುವ ಒಂದೇ ಸಾಲು. ಕರೆದಾಗ 10 ಬಂತು. ಒಳಗೆ ಆ ಹೆಸರಿಲ್ಲದ್ದರಿಂದ ಪೈಥಾನ್ ಹೊರಗಿನದನ್ನು ಓದಿತು.

ಹಂತ 2: ‘ಬದಲಿಸು’ ಎಂಬ ಫಂಕ್ಷನ್‌ನಲ್ಲಿ ‘ಅಂಕ = 5’ ಎಂಬ ಸಾಲು. ಅದನ್ನು ಕರೆದು, ಬಳಿಕ ಹೊರಗೆ ಅಂಕವನ್ನು ಪ್ರಿಂಟ್ ಮಾಡಿದರೆ? ಹಲವರು 5 ಎಂದರು, ಬಂದದ್ದು 10. ಒಳಗೆ ಹುಟ್ಟಿದ್ದು ಅದೇ ಹೆಸರಿನ ಬೇರೊಂದು ವೇರಿಯಬಲ್. ಫಂಕ್ಷನ್ ಮುಗಿದೊಡನೆ ಅದೂ ಹೋಯಿತು.

ಹಂತ 3: ಮತ್ತೆ ‘ತೋರಿಸು’. ಪ್ರಿಂಟ್ ಸಾಲಿನ ಕೆಳಗೆ ‘ಅಂಕ = 5’ ಸೇರಿಸಿದೆ. “ಮೊದಲು 10 ಪ್ರಿಂಟ್ ಆಗುತ್ತೆ, ಆಮೇಲೆ ಅಂಕ 5 ಆಗುತ್ತೆ ಮೇಡಂ” ಎಂಬುದು ತರಗತಿಯ ಉತ್ತರ. ಬಂದದ್ದು ಅನ್‌ಬೌಂಡ್‌ಲೋಕಲ್‌ಎರರ್, ಅದೂ ನಾವು ಮುಟ್ಟದ ಪ್ರಿಂಟ್ ಸಾಲಿನಲ್ಲಿ!

ಪಾಠದ ತಿರುಳು ಇಲ್ಲಿದೆ. ಯಾವ ಹೆಸರು ಲೋಕಲ್ ಎಂಬುದನ್ನು ಪೈಥಾನ್ ಸಾಲು ಸಾಲಾಗಿ ನಡೆಯುವಾಗ ನಿರ್ಧರಿಸುವುದಿಲ್ಲ. ಫಂಕ್ಷನ್ ನಡೆಯುವ ಮೊದಲೇ ಅದರ ಇಡೀ ಭಾಗವನ್ನು ನೋಡಿ ನಿರ್ಧರಿಸುತ್ತದೆ. ಎಲ್ಲಾದರೂ ಒಂದು ಕಡೆ ಬೆಲೆ ಕೊಟ್ಟಿದ್ದರೆ ಆ ಹೆಸರು ಫಂಕ್ಷನ್ ಉದ್ದಕ್ಕೂ ಲೋಕಲ್. ಪ್ರಿಂಟ್ ಸಾಲಿಗೆ ಬಂದಾಗ ಆ ಲೋಕಲ್‌ಗೆ ಇನ್ನೂ ಬೆಲೆ ಸಿಕ್ಕಿರಲಿಲ್ಲ. ‘ಅಂಕ = ಅಂಕ + 1’ ಕೂಡ ಇದೇ ಕಾರಣಕ್ಕೆ ಎರರ್ ಕೊಡುತ್ತದೆ.

ಫಂಕ್ಷನ್‌ನ ಆರಂಭದಲ್ಲಿ ‘ಗ್ಲೋಬಲ್ ಅಂಕ’ ಎಂದು ಘೋಷಿಸಿದರೆ ಎರರ್ ಹೋಗುತ್ತದೆ. ಆದರೆ ಅದನ್ನೇ ಎಲ್ಲ ಎರರ್‌ಗೂ ಮದ್ದೆಂದು ಕಲಿತರೆ, ದೊಡ್ಡ ಪ್ರೋಗ್ರಾಂನಲ್ಲಿ ಬೆಲೆ ಬದಲಿಸಿದ ಫಂಕ್ಷನ್ ಯಾವುದೆಂದು ಹುಡುಕುವುದೇ ಕಷ್ಟ. ಹಾಗಾಗಿ ಬೆಲೆಯನ್ನು ಪ್ಯಾರಾಮೀಟರ್ ಆಗಿ ಕೊಟ್ಟು, ರಿಟರ್ನ್ ಮೂಲಕ ಪಡೆಯುವ ರೂಪವನ್ನೂ ಪಕ್ಕದಲ್ಲೇ ಬರೆಸಿದೆ.

ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ: ಹೊರಗಿರುವ ಲಿಸ್ಟ್‌ಗೆ ಫಂಕ್ಷನ್ ಒಳಗಿನಿಂದ ಅಪೆಂಡ್ ಮಾಡಲು ಗ್ಲೋಬಲ್ ಘೋಷಣೆ ಬೇಡ, ಏಕೆ? “ಹೆಸರಿಗೆ ಹೊಸ ಬೆಲೆ ಕೊಡುತ್ತಿಲ್ಲ, ಇರುವ ಲಿಸ್ಟನ್ನೇ ಬದಲಿಸುತ್ತಿದ್ದೇವೆ” ಎಂದು ಕಾರಣ ಹೇಳಬಲ್ಲ ವಿದ್ಯಾರ್ಥಿಗೆ ನಿಯಮ ಅರ್ಥವಾಗಿದೆ ಎನ್ನಬಹುದು.